ಪಂಕ್ತಿಭೋಜನ ಮತ್ತು ಮಧುಮೇಹಿಯ ಪಥ್ಯ

ಮಧುಮೇಹಿಯು ತನ್ನ ಮನೆಯಲ್ಲಿ ಪಥ್ಯವನ್ನು ಪಾಲಿಸುವುದು ಅಷ್ಟೇನೂ ಕಷ್ಟವಲ್ಲ. ಮದುವೆ, ಗೃಹಪ್ರವೇಶ, ಹಬ್ಬಹರಿದಿನಗಳ ಪಂಕ್ತಿಯಲ್ಲಿ ಕುಳಿತಾಗಲೇ ನಿಜವಾದ ಪರೀಕ್ಷೆ ಎದುರಾಗುತ್ತದೆ. ಸಿಹಿಯು ನಮ್ಮಲ್ಲಿ ಶುಭದ ಸಂಕೇತ. ಬೇಡವೆಂದರೆ ಬಡಿಸುವವರು ನೊಂದುಕೊಂಡಾರೆಂಬ ಸಂಕೋಚದಿಂದ ಅನೇಕರು ಪಥ್ಯವನ್ನು ಮುರಿಯುತ್ತಾರೆ. ಮತ್ತೆ ಕೆಲವರು ಸಮಾರಂಭಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಇವೆರಡೂ ಅನವಶ್ಯಕ.

"ಒಂದು ದಿನಕ್ಕೇನು?"

ಈ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ದಸರೆಯಲ್ಲಿ ಬೊಂಬೆ ನೋಡಲು ಐದು ಮನೆಗಳಿಗೆ ಹೋದಿರೆಂದು ಭಾವಿಸಿ. ಪ್ರತಿ ಮನೆಯಲ್ಲಿಯೂ ಎರಡು ಚಮಚ ಸಕ್ಕರೆ ಬೆರೆಸಿದ ಕಾಫಿ ಕುಡಿದರೆ, ಚಮಚಕ್ಕೆ 5 ಗ್ರಾಂನಂತೆ ಒಟ್ಟು 50 ಗ್ರಾಂ ಸಕ್ಕರೆಯಾಯಿತು. ದಿನಕ್ಕೆ 2000 ಕ್ಯಾಲೊರಿ ಆಹಾರ ಸೇವಿಸುವ ಆರೋಗ್ಯವಂತರಿಗೂ ಬೆರೆಸಿದ ಸಕ್ಕರೆ ಇಷ್ಟಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ. ಬೆಲ್ಲ ಮತ್ತು ಜೇನುತುಪ್ಪ ಹಾನಿ ಮಾಡುವುದಿಲ್ಲವೆಂಬುದು ತಪ್ಪು ಕಲ್ಪನೆ. ಅವೂ ರಕ್ತದಲ್ಲಿನ ಸಕ್ಕರೆಯನ್ನು ಏರಿಸುತ್ತವೆ.

ಎಲೆಯ ಮುಂದೆ

1. ಮೊದಲು ಕೋಸಂಬರಿ ಮತ್ತು ಪಲ್ಯಗಳನ್ನು ತಿನ್ನಬೇಕು. ತರಕಾರಿ, ಬೇಳೆಗಳನ್ನು ಮೊದಲು ತಿಂದು ಅನ್ನವನ್ನು ಅನಂತರ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದು ಕಡಿಮೆಯಾಗುತ್ತದೆ.

2. ಪಾಯಸ, ಹೋಳಿಗೆ, ಚಿರೋಟಿ ಮೂರನ್ನೂ ಹಾಕಿಸಿಕೊಳ್ಳಬಾರದು. ವೈದ್ಯರ ಅನುಮತಿಯಿದ್ದಲ್ಲಿ ಒಂದನ್ನೇ ಆರಿಸಿ, ಸ್ವಲ್ಪ ಮಾತ್ರ ತಿಂದು, ಅದಕ್ಕೆ ತಕ್ಕಂತೆ ಅನ್ನವನ್ನು ತಗ್ಗಿಸಬೇಕು.

3. ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡವಿಟ್ಟು, "ನನಗೆ ಸಕ್ಕರೆ ಕಾಯಿಲೆಯಿದೆ, ಇನ್ನೊಂದಿಷ್ಟು ಪಲ್ಯ ಹಾಕಿ" ಎಂದು ನಗುಮುಖದಿಂದ ಹೇಳಬೇಕು. ಬೇರೊಂದನ್ನು ಕೇಳಿ ಪಡೆದಾಗ ಉಪಚಾರ ಮಾಡುವವರಿಗೂ ತೃಪ್ತಿಯಾಗುತ್ತದೆ.

4. ಯುಗಾದಿಯ ಬೇವುಬೆಲ್ಲ, ಸಂಕ್ರಾಂತಿಯ ಎಳ್ಳುಬೆಲ್ಲಗಳನ್ನು ಚಿಟಿಕೆಯಷ್ಟು ಸ್ವೀಕರಿಸಿದರೆ ಸಂಪ್ರದಾಯಕ್ಕೆ ಕೊರತೆಯಾಗದು. ಸಕ್ಕರೆ ಅಚ್ಚನ್ನು ಮನೆಗೆ ತಂದರೂ ತಿನ್ನಲೇಬೇಕೆಂಬ ನಿಯಮವಿಲ್ಲ.

ತಡವಾದ ಊಟದ ಅಪಾಯ

ಸಿಹಿಗಿಂತಲೂ ಬೇಗನೆ ಅಪಾಯ ತರುವುದು ತಡವಾದ ಊಟ. ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಹಿರಿಯರೊಬ್ಬರು ಮದುವೆಯ ಊಟಕ್ಕೆಂದು ಬೆಳಗಿನ ಉಪಾಹಾರವನ್ನು ಬಿಟ್ಟು, ಮಾತ್ರೆಯನ್ನು ಮಾತ್ರ ನುಂಗಿ ಬಂದಿದ್ದಾರೆ. ಮುಹೂರ್ತ ಮುಗಿದು ಪಂಕ್ತಿ ಕೂರುವ ವೇಳೆಗೆ ಗಂಟೆ ಎರಡಾಗಿದೆ. ಮೈ ಬೆವರಿ ಕೈ ನಡುಗುತ್ತದೆ, ಮಾತು ತೊದಲುತ್ತದೆ. ಸುತ್ತಲಿನವರು ಸೆಖೆಯಿಂದ ಹೀಗಾಯಿತೆಂದು ಗಾಳಿ ಬೀಸುತ್ತಾರೆ. ಇದು ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದುದರ ಚಿಹ್ನೆಯಾಗಿರಬಹುದು. ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಆದ್ದರಿಂದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಎಂದಿನ ವೇಳೆಗೆ ಉಪಾಹಾರ ಮುಗಿಸಿಯೇ ಹೊರಡಬೇಕು. ಊಟ ತಡವಾದರೆ ಔಷಧಿಯನ್ನು ಯಾವಾಗ, ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರಿಂದ ಮೊದಲೇ ತಿಳಿದಿರಬೇಕು. ಸಿಹಿ ವರ್ಜ್ಯವಾದವರ ಕಿಸೆಯಲ್ಲಿಯೇ ಸಕ್ಕರೆಯ ಪೊಟ್ಟಣ ಸದಾ ಇರಬೇಕೆಂಬುದು ವಿಚಿತ್ರವೆನಿಸಿದರೂ ಜೀವರಕ್ಷಕ ನಿಯಮ.

ಮನೆಯವರ ಕರ್ತವ್ಯ

ಅತಿಥೇಯರು ಕಾಫಿಯನ್ನು ಸಕ್ಕರೆಯಿಲ್ಲದೆ ತಯಾರಿಸಿ, ಸಕ್ಕರೆಯನ್ನು ಬೇರೆಯಾಗಿಡುವುದು ಲೇಸು. ಬೇಡವೆಂದವರನ್ನು ಮತ್ತೆ ಮತ್ತೆ ಒತ್ತಾಯಿಸಬಾರದು. ವಯಸ್ಸಾದ ಮಧುಮೇಹಿಗಳನ್ನು ಮೊದಲ ಪಂಕ್ತಿಯಲ್ಲಿಯೇ ಕೂರಿಸುವುದು ಅವರಿಗೆ ಸಲ್ಲಿಸಬಹುದಾದ ಅತ್ಯುತ್ತಮ ಉಪಚಾರ.