ಬಿಡಿಸದ ಒಗಟು: ತೇಜಸ್ವಿಯವರ ರಹಸ್ಯ ಕಥನಗಳ ಮುಕ್ತಾಯ

ಪೂರ್ಣಚಂದ್ರ ತೇಜಸ್ವಿಯವರ (1938-2007) ‘ಕರ್ವಾಲೊ’ (1980), ‘ಚಿದಂಬರ ರಹಸ್ಯ’ (1985) ಮತ್ತು ‘ಜುಗಾರಿ ಕ್ರಾಸ್’ ಬಿಡಿಬಿಡಿಯಾದ ಕಾದಂಬರಿಗಳು. ಆದರೂ ಕನ್ನಡದ ಓದುಗರು ಅವನ್ನು ಒಂದೇ ಸರಣಿಯಂತೆ ಪ್ರೀತಿಸಿದ್ದಾರೆ. ಹಾರುವ ಓತಿ, ವಿಜ್ಞಾನಿಯೊಬ್ಬನ ನಿಗೂಢ ಸಾವು, ಹಳೆಯ ಕಾವ್ಯವೊಂದರಲ್ಲಿ ಅಡಗಿದ ಒಗಟು: ಮೂರರಲ್ಲೂ ಕುತೂಹಲವೇ ಕಥನದ ಚಾಲಕಶಕ್ತಿ. ಮೊದಲೆರಡು ಕೃತಿಗಳ ಕೊನೆಯ ಪುಟ ಮುಗಿಸಿದವರಲ್ಲಿ ಅನೇಕರಿಗೆ ಆಗುವ ನಿರಾಶೆಯನ್ನು ಮಾತ್ರ ವಿಮರ್ಶೆ ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ.

ಈ ನಿರಾಶೆಗೆ ಹಿನ್ನೆಲೆಯಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕನ್ನಡದ ಜನಪ್ರಿಯ ಓದಿಗೆ ಒಂದು ಕರಾರನ್ನು ಕಲಿಸಿದ್ದ: ಅಪರಾಧ ನಡೆದರೆ ಕೊನೆಗೆ ಅಪರಾಧಿ ಸಿಗಲೇಬೇಕು. ಟಿಳಕವಾಡಿಯಂತಹ ಕನ್ನಡ-ಮರಾಠಿ ಬೆರೆತ ನೆಲೆಯಲ್ಲಿ ಈ ನಿರೀಕ್ಷೆಗೆ ಇನ್ನೊಂದು ಬೇರೂ ಇದೆ. ಮರಾಠಿಯ ಬಾಬುರಾವ್ ಅರ್ನಾಳಕರ ಬರೆದ ಸಾವಿರಕ್ಕೂ ಮಿಕ್ಕ ರಹಸ್ಯಕಥೆಗಳು ಬೆಳೆಸಿದ ಅಭಿರುಚಿಯೂ ಇದೇ ಬಗೆಯದು.

‘ಚಿದಂಬರ ರಹಸ್ಯ’ ಆ ಕರಾರನ್ನು ಬಳಸಿಕೊಂಡು ಮುರಿಯುತ್ತದೆ. ಏಲಕ್ಕಿ ಸಂಶೋಧನೆಯ ವಿಜ್ಞಾನಿ ಜೋಗಿಹಾಳ್ ಸಾವಿನ ಜಾಡು ಹಿಡಿದು ಗುಪ್ತಚರ ಅಧಿಕಾರಿ ಅಂಗಡಿ ಕೆಸರೂರಿಗೆ ಬರುತ್ತಾನೆ. (ಬೆಳಗಾವಿ ಸೀಮೆಯ ಓದುಗರಿಗೆ ತೀರ ಪರಿಚಿತವಾದ ಈ ಅಡ್ಡಹೆಸರೇ ಮಲೆನಾಡಿನಲ್ಲಿ ಅವನು ಹೊರಗಿನವನೆಂದು ಸಾರುತ್ತದೆ.) ಅವನು ಕೆದಕಿದಷ್ಟೂ ಹೊರಬೀಳುವುದು ಕೊಲೆಗಾರನಲ್ಲ, ಜಾತಿ, ಮತ, ಏಲಕ್ಕಿ ವ್ಯಾಪಾರ, ಕಾಡಿನ ಲೂಟಿ ಇವುಗಳ ಜಟಿಲ ಹೆಣಿಗೆ. ಕೊನೆಗೆ ಎಲ್ಲವನ್ನೂ ಬೆಂಕಿ ಆವರಿಸುತ್ತದೆ, ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಶೀರ್ಷಿಕೆಯೇ ಇದನ್ನು ಮುಂಚಿತವಾಗಿ ಹೇಳಿದೆ ಎಂಬ ಸಮರ್ಥನೆ ಸುಲಭವಾದದ್ದು. ಚಿದಂಬರದ ದೇವಾಲಯದಲ್ಲಿ ತೆರೆ ಸರಿಸಿದಾಗ ಕಾಣುವುದು ಚಿನ್ನದ ಬಿಲ್ವಪತ್ರೆಯ ಮಾಲೆಗಳು ಮತ್ತು ಬಯಲು. ಆದರೆ ಅಲ್ಲಿನ ಬಯಲು ಭಕ್ತನಿಗೆ ಆಕಾಶರೂಪಿಯಾದ ಶಿವನ ಸಾನ್ನಿಧ್ಯ. ಕೆಸರೂರಿನ ತೆರೆಯ ಹಿಂದೆ ಇರುವುದು ಸತ್ತ ಮನುಷ್ಯನೊಬ್ಬ. ಎರಡನ್ನೂ ಒಂದೇ ಎಂದು ಬಗೆದರೆ ನ್ಯಾಯದ ಪ್ರಶ್ನೆ ತತ್ತ್ವದ ಮಂಜಿನಲ್ಲಿ ಮರೆಯಾಗುತ್ತದೆ.

‘ಕರ್ವಾಲೊ’ದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಓತಿ ಕೈಗೆ ಸಿಗದಿದ್ದರೂ ಕಣ್ಣಿಗೆ ಕಾಣುತ್ತದೆ, ಪ್ರಪಾತದ ಆಳಕ್ಕೆ ತೇಲಿಹೋಗುತ್ತದೆ. ಮಂದಣ್ಣ, ಪ್ಯಾರ, ಎಂಗ್ಟ ಮೊದಲಾದವರೊಡನೆ ಓದುಗನೂ ಕಾಡು ಅಲೆದಿರುತ್ತಾನೆ. ಕಳೆದುಕೊಂಡದ್ದು ಏನೆಂಬುದು ಅವನಿಗೆ ತಿಳಿದಿರುತ್ತದೆ. ಆ ನಷ್ಟವೇ ಅನುಭವವಾಗಿ ಮಾರ್ಪಡುತ್ತದೆ. ‘ಚಿದಂಬರ ರಹಸ್ಯ’ದಲ್ಲಿ ಕಳೆದುಹೋಗುವುದು ಉತ್ತರ, ಅದರ ಸುಳಿವನ್ನೂ ಬೆಂಕಿ ಉಳಿಸುವುದಿಲ್ಲ. ಕಾಡಿನ ನಾಶವನ್ನು ಕಾದಂಬರಿಯುದ್ದಕ್ಕೂ ಚಿತ್ರಿಸಿರುವುದರಿಂದ ಬೆಂಕಿ ಆಕಸ್ಮಿಕವಲ್ಲ ಎನ್ನಬಹುದು. ಸಾಮಾಜಿಕ ರೂಪಕವಾಗಿ ಅದು ಸಮರ್ಥವೇ. ಪತ್ತೇದಾರಿ ಕಥನದ ಮುಕ್ತಾಯವಾಗಿ ಮಾತ್ರ ಅದು ಕತೆಗಾರನಿಗೆ ಒದಗಿಬಂದ ಬಿಡುಗಡೆಯಂತೆ ತೋರುತ್ತದೆ.

1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯಿಂದ ಮನ್ನಣೆ ಪಡೆದ ಕೃತಿಯ ಬಗ್ಗೆ ಇಂತಹ ಮಾತು ಒರಟೆನಿಸಬಹುದು. ಆದರೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ “ಹಾಗಾದರೆ ಜೋಗಿಹಾಳನನ್ನು ಕೊಂದವರು ಯಾರು?” ಎಂದು ಕೇಳಿದರೆ, ‘ಮುಕ್ತ ಅಂತ್ಯ’ ಎಂಬ ಪರಿಭಾಷೆಯಿಂದ ಅವನ ಬಾಯಿ ಕಟ್ಟುವುದು ಅಧ್ಯಾಪನವಲ್ಲ. ಕೆಸರೂರಿನಲ್ಲಿ ಆ ಪ್ರಶ್ನೆಯನ್ನು ಯಾರು ಯಾರು ಕೇಳಲಿಲ್ಲ, ಯಾಕೆ ಕೇಳಲಿಲ್ಲ ಎಂಬುದನ್ನು ಅವನೊಡನೆ ಪುಟ ತಿರುವಿ ಹುಡುಕಬೇಕಾಗುತ್ತದೆ.