ಸಿಲ್ಕ್ ಬೋರ್ಡ್, ರಾಮನಗರ ಮತ್ತು ದೇಶಗಳ ವ್ಯಾಪಾರ ಒಪ್ಪಂದ

ಜೆ.ಪಿ. ನಗರದಿಂದ ಬಿಟಿಎಂ ಲೇಔಟ್ ಕಡೆಗೆ ಹೋಗುವ ನಮಗೆಲ್ಲ ಸಿಲ್ಕ್ ಬೋರ್ಡ್ ಎಂದರೆ ಟ್ರಾಫಿಕ್. ಆ ಜಂಕ್ಷನ್‌ಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿ 1948ರ ಕಾಯ್ದೆಯಂತೆ ಹುಟ್ಟಿದ, ಇಡೀ ದೇಶದ ರೇಷ್ಮೆ ಉದ್ಯಮವನ್ನು ನೋಡಿಕೊಳ್ಳುವ ಸಂಸ್ಥೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ವ್ಯವಹಾರ ಅಧ್ಯಯನದಲ್ಲಿ ನಾವು ಓದುವ ಅಂತರರಾಷ್ಟ್ರೀಯ ವ್ಯಾಪಾರದ ಪಾಠವನ್ನು ಅರ್ಥ ಮಾಡಿಕೊಳ್ಳಲು ರೇಷ್ಮೆಗಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಒಪ್ಪಂದಗಳ ಐದು ಮೆಟ್ಟಿಲು

ಅಕ್ಕಪಕ್ಕದ ದೇಶಗಳು ವ್ಯಾಪಾರಕ್ಕಾಗಿ ಒಂದಾಗುವುದನ್ನು ಪ್ರಾದೇಶಿಕ ಆರ್ಥಿಕ ಏಕೀಕರಣ ಎನ್ನುತ್ತಾರೆ. ಅದರಲ್ಲಿ ಐದು ಹಂತಗಳಿವೆ.

1. ಆದ್ಯತಾ ವ್ಯಾಪಾರ ಒಪ್ಪಂದ: ಆಯ್ದ ಸರಕುಗಳ ಮೇಲೆ ಮಾತ್ರ ಸುಂಕ ಕಡಿಮೆ. ಸಾರ್ಕ್ ದೇಶಗಳ ನಡುವೆ 1995ರಲ್ಲಿ ಜಾರಿಯಾದ ಸಾಪ್ಟಾ ಇದಕ್ಕೆ ಉದಾಹರಣೆ.
2. ಮುಕ್ತ ವ್ಯಾಪಾರ ವಲಯ: ಸದಸ್ಯರ ನಡುವೆ ಬಹುಪಾಲು ಸುಂಕ ಇಳಿಯುತ್ತದೆ ಅಥವಾ ಹೋಗುತ್ತದೆ. ಹೊರಗಿನವರಿಗೆ ಎಷ್ಟು ಸುಂಕ ಎಂಬುದು ಆಯಾ ದೇಶದ ಇಷ್ಟ. 2006ರ ಸಾಫ್ಟಾ ಈ ಬಗೆಯದು.
3. ಸುಂಕ ಒಕ್ಕೂಟ: ಹೊರಗಿನವರಿಗೂ ಎಲ್ಲ ಸದಸ್ಯರು ಒಂದೇ ಸುಂಕ ಹಾಕುತ್ತಾರೆ. ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳು 2003ರಲ್ಲಿ ಶೇ 5ರ ಸಮಾನ ಸುಂಕ ತಂದವು. ದುಬೈ, ರಿಯಾದ್‌ನಲ್ಲಿ ದುಡಿಯುವ ಸಂಬಂಧಿಕರಿರುವವರು ಇದರ ಬಗ್ಗೆ ಅವರನ್ನೇ ಕೇಳಬಹುದು.
4. ಸಾಮಾನ್ಯ ಮಾರುಕಟ್ಟೆ: ಸರಕಿನ ಜೊತೆಗೆ ಕೆಲಸಗಾರರು, ಬಂಡವಾಳ ಕೂಡ ಮುಕ್ತವಾಗಿ ಓಡಾಡಬಹುದು.
5. ಆರ್ಥಿಕ ಒಕ್ಕೂಟ: ಆರ್ಥಿಕ ನೀತಿಗಳೂ ಒಂದಾಗುತ್ತವೆ. ಯುರೋಪಿಯನ್ ಒಕ್ಕೂಟದ ಹಲವು ದೇಶಗಳು ಯೂರೋ ಎಂಬ ಒಂದೇ ನಾಣ್ಯ ಬಳಸುತ್ತವೆ.

ಸುಂಕ ಇಳಿದರೆ ಗೂಡಿನ ಬೆಲೆ ಏನಾಗುತ್ತದೆ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರು ಅಲ್ಲಿಗೆ ಗೂಡು ತರುತ್ತಾರೆ. ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವವರು ರೀಲರ್‌ಗಳು. ರಾಮನಗರ, ಶಿಡ್ಲಘಟ್ಟಗಳಲ್ಲಿ ಈ ಕೆಲಸ ಮಾಡುವವರಲ್ಲಿ ನಮ್ಮಂತೆ ಮನೆಯಲ್ಲಿ ಉರ್ದು ಆಡುವವರು ಬಹಳ. ರೈತ ಕನ್ನಡದಲ್ಲಿ ರೇಷ್ಮೆ ಎನ್ನುತ್ತಾನೆ, ರೀಲರ್ ಮನೆಯಲ್ಲಿ ರೇಶಮ್ ಎನ್ನುತ್ತಾರೆ. ಇಬ್ಬರ ಊಟವೂ ಒಂದೇ ಬೆಲೆಯ ಮೇಲೆ ನಿಂತಿದೆ.

ಆ ಬೆಲೆಗೆ ಪೈಪೋಟಿ ಬರುವುದು ಚೀನಾದಿಂದ. ಜಗತ್ತಿನಲ್ಲಿ ರೇಷ್ಮೆ ಉತ್ಪಾದನೆಯಲ್ಲಿ ಚೀನಾ ಮೊದಲು, ಭಾರತ ಎರಡನೆಯದು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವೆ ಶೇ 10ಕ್ಕೆ ಇಳಿದಿದ್ದದ್ದು 2021ರ ಬಜೆಟ್‌ನಲ್ಲಿ ಮತ್ತೆ ಶೇ 15 ಆಯಿತು.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಆಮದು ನೂಲಿನ ಬೆಲೆ ಕಿಲೋಗೆ ₹4,000 ಎಂದುಕೊಳ್ಳಿ. ಶೇ 30 ಸುಂಕ ಸೇರಿದರೆ ₹5,200, ಶೇ 5 ಸೇರಿದರೆ ₹4,200. ವ್ಯತ್ಯಾಸ ₹1,000. ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕೆಂದರೆ, ಪೈಪೋಟಿಗಾಗಿ ರೀಲರ್ ಪ್ರತಿ ಕಿಲೋ ಗೂಡಿಗೆ ಸುಮಾರು ₹143 ಕಡಿಮೆ ಕೊಡಬೇಕಾಗುತ್ತದೆ. ದೆಹಲಿಯಲ್ಲಿ ಬದಲಾದ ಒಂದು ಅಂಕಿ ಮಾಗಡಿಯ ರೈತನ ಜೇಬಿಗೆ ಮುಟ್ಟುವುದು ಹೀಗೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಸುಂಕ ಏರಿದರೆ ನೂಲು ಕೊಳ್ಳುವ ನೇಕಾರನಿಗೆ ಹೊರೆ. ದೊಡ್ಡಬಳ್ಳಾಪುರದ ಮಗ್ಗದವರು, ವಾರಾಣಸಿಯ ನೇಕಾರರು ಅಗ್ಗದ ನೂಲು ಬೇಕು ಎನ್ನುವುದು ತಪ್ಪಲ್ಲ. ಸುಂಕ ಯಾರನ್ನೋ ಕಾಯುತ್ತದೆ, ಅದರ ಖರ್ಚು ಇನ್ನಾರೋ ಕೊಡುತ್ತಾರೆ.

ಹಿಂಬಾಗಿಲು ಮತ್ತು ಮೂಲದ ನಿಯಮ

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ನೇ ಇಸವಿಯಲ್ಲಿ ಜಾರಿಗೆ ಬಂತು. ಶ್ರೀಲಂಕಾದ ಸರಕಿಗೆ ರಿಯಾಯಿತಿ ಇದೆ ಎಂದು ಬೇರೆ ದೇಶದ ಸರಕು ಆ ದಾರಿಯಲ್ಲಿ ಬಂದರೆ? ಕೊಡಗು, ಚಿಕ್ಕಮಗಳೂರಿನ ಕಾಳುಮೆಣಸು ಬೆಳೆಗಾರರ ದೂರು ಇದೇ ಆಗಿತ್ತು: ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಬರುತ್ತಿದೆ ಎಂದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಳುಮೆಣಸಿಗೆ ಕಿಲೋಗೆ ₹500 ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು.

ಇಂಥ ಹಿಂಬಾಗಿಲು ಮುಚ್ಚಲೆಂದೇ ಪ್ರತಿ ಒಪ್ಪಂದದಲ್ಲೂ ‘ಮೂಲದ ನಿಯಮ’ ಇರುತ್ತದೆ. ಸರಕು ನಿಜವಾಗಿ ಎಲ್ಲಿ ಬೆಳೆಯಿತು, ಎಲ್ಲಿ ತಯಾರಾಯಿತು ಎಂಬುದಕ್ಕೆ ಪ್ರಮಾಣಪತ್ರ ಬೇಕು. ಎರಡನೇ ಮೆಟ್ಟಿಲಿನಲ್ಲಿ ಇದು ಬಹಳ ಮುಖ್ಯ. ಮೂರನೆಯದರಲ್ಲಿ ಎಲ್ಲ ಬಾಗಿಲಲ್ಲೂ ಒಂದೇ ಸುಂಕ ಇರುವುದರಿಂದ ಇದರ ಅಗತ್ಯ ಕಡಿಮೆ.

ಭಾರತ ಹೊರಗುಳಿದ ಒಪ್ಪಂದ

ಆಸಿಯಾನ್‌ನ 10 ದೇಶಗಳ ಜೊತೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ ಸೇರಿ ಆರ್‌ಸಿಇಪಿ ಎಂಬ ದೊಡ್ಡ ಒಪ್ಪಂದದ ಮಾತುಕತೆ ನಡೆಸಿದವು. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದರೆ ನಂದಿನಿಗೆ ಹಾಲು ಹಾಕುವ ಕುಟುಂಬಗಳ ಗತಿ ಏನು ಎಂದು ಕರ್ನಾಟಕದ ಹೈನುಗಾರರು ವಿರೋಧಿಸಿದರು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ತಾನು ಸೇರುವುದಿಲ್ಲ ಎಂದಿತು. ಉಳಿದ 15 ದೇಶಗಳು 2020ರಲ್ಲಿ ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಯಾಯಿತು.

ಹಾಗೆಂದು ಎಲ್ಲ ಒಪ್ಪಂದವೂ ನಮಗೆ ನಷ್ಟವಲ್ಲ. ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಕೆಲಸ ರಫ್ತನ್ನು ನಂಬಿದೆ. ಬಾಂಗ್ಲಾದೇಶದ ಬಟ್ಟೆ ಯುರೋಪಿಗೆ ಸುಂಕವಿಲ್ಲದೆ ಹೋಗಿ ನಮ್ಮ ಬಟ್ಟೆಗೆ ಸುಂಕ ಬಿದ್ದ ವರ್ಷಗಳಲ್ಲಿ ಆರ್ಡರ್ ಅತ್ತ ವಾಲುವುದು ಸಹಜವೇ. 2022ರ ಮೇ 1ರಿಂದ ಜಾರಿಯಾದ ಭಾರತ–ಯುಎಇ ಒಪ್ಪಂದದಿಂದ ನಮ್ಮ ಸಿದ್ಧ ಉಡುಪಿಗೆ ಅಲ್ಲಿನ ಶೇ 5ರ ಸುಂಕ ತಪ್ಪಿತು.

ಸಹಕಾರ ಎಂದರೆ ಸುಂಕವೊಂದೇ ಅಲ್ಲ

ಟಿಪ್ಪು ಸುಲ್ತಾನ್ ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದದ್ದಲ್ಲದೆ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೂ ಇಟ್ಟಿದ್ದ. 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಜಪಾನಿನ ವಿಧಾನ ಕಲಿಸಲು ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿದರು. ಬಸವನಗುಡಿ ಬಳಿಯ ಟಾಟಾ ಸಿಲ್ಕ್ ಫಾರ್ಮ್ ಬಡಾವಣೆಗೆ ಹೆಸರು ಬಂದದ್ದು ಅದರಿಂದ. 1990ರ ದಶಕದಲ್ಲಿ ಜಪಾನಿನ ಜೈಕಾ ಸಂಸ್ಥೆ ಮೈಸೂರಿನ ವಿಜ್ಞಾನಿಗಳ ಜೊತೆ ಸೇರಿ ದ್ವಿತಳಿ ರೇಷ್ಮೆಯನ್ನು ನಮ್ಮ ರೈತರಿಗೆ ಒಗ್ಗಿಸಿತು. ಪೈಪೋಟಿ ಕೊಡುವ ಚೀನಾದಿಂದಲೇ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳೂ ಬಂದವು.

ಇದನ್ನೆಲ್ಲ ಓದಿದ ಮೇಲೆ ನನಗನಿಸಿದ್ದು: ಸುಂಕ ನಮ್ಮ ರೀಲರ್‌ಗೆ ಸಮಯ ಕೊಡುತ್ತದೆ, ಒಳ್ಳೆಯ ನೂಲು ಕೊಡುವುದಿಲ್ಲ. ಆ ಸಮಯದಲ್ಲಿ ತಳಿ, ಯಂತ್ರ, ಸಾಲ ಅವರಿಗೆ ತಲುಪಬೇಕು. ಇಲ್ಲವಾದರೆ ಮುಂದಿನ ಬಜೆಟ್‌ನ ಭಯ ಪ್ರತಿ ವರ್ಷವೂ ಇರುತ್ತದೆ.

ಯೋಚಿಸಿ ಉತ್ತರಿಸಿ

1. ಮುಕ್ತ ವ್ಯಾಪಾರ ವಲಯಕ್ಕೂ ಸುಂಕ ಒಕ್ಕೂಟಕ್ಕೂ ಇರುವ ವ್ಯತ್ಯಾಸವೇನು?
2. ಮೇಲಿನ ಲೆಕ್ಕದಲ್ಲಿ ಸುಂಕ ಶೇ 15 ಆದರೆ ನೂಲಿನ ಬೆಲೆ ಎಷ್ಟು?
3. ನೀವು ಸಚಿವರಾಗಿದ್ದರೆ ರೀಲರ್ ಮತ್ತು ನೇಕಾರ ಇಬ್ಬರನ್ನೂ ಹೇಗೆ ಕಾಯುತ್ತಿದ್ದಿರಿ?