ಸರದಿಯನ್ನು ತಿದ್ದುವ ಯಂತ್ರ

ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ದೇಹವನ್ನು ಕೊಯ್ಯದೆ ಒಳಗಿನ ಮೂಳೆಯನ್ನು ನೋಡುವುದು ಅಂದಿನಿಂದ ಸಾಧ್ಯವಾಯಿತು. ಆದರೆ ಚಿತ್ರ ತೆಗೆಯುವುದು ಒಂದು ಕೆಲಸ. ಅದನ್ನು ಓದಿ ವರದಿ ಬರೆಯುವುದು ಮತ್ತೊಂದು. ಕೊಪ್ಪ ತಾಲ್ಲೂಕಿನ ನಾರ್ವೆಯಂಥ ಮಲೆನಾಡಿನ ಊರಿನವರಿಗೆ, ಚಿತ್ರವನ್ನು ಓದಬಲ್ಲ ತಜ್ಞರು ಹತ್ತಿರದಲ್ಲಿ ದೊರೆಯುವುದು ವಿರಳ.

ಈ ದೂರವನ್ನು ದಾಟುವ ಬಗೆಯನ್ನು ಬೆಂಗಳೂರು ತೋರಿಸಿಕೊಟ್ಟಿತು. ಡಾ. ಅರ್ಜುನ್ ಕಲ್ಯಾಣಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ದಂಪತಿಗಳು 2002ರಲ್ಲಿ ಅಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದಲ್ಲಿ ನಡುರಾತ್ರಿಯಾದಾಗ ಇಲ್ಲಿ ಹಗಲು. ಅಲ್ಲಿಯ ರೋಗಿಯ ಚಿತ್ರವನ್ನು ಇಲ್ಲಿಯ ವೈದ್ಯರು ಓದತೊಡಗಿದರು. ಸಾಗರದಾಚೆಯ ಚಿತ್ರ ಬರುವುದಾದರೆ ಕೊಪ್ಪದ ಚಿತ್ರ ಬಾರದೆ?

ಚಿತ್ರಗಳು ಹೆಚ್ಚಿದಂತೆ ಸರದಿಯೂ ಬೆಳೆಯುತ್ತದೆ. ಬಂದ ಕ್ರಮದಲ್ಲಿಯೇ ಓದುತ್ತ ಹೋದರೆ, ನಲವತ್ತನೆಯ ರೋಗಿಯ ಮಿದುಳಿನಲ್ಲಿ ರಕ್ತ ಸೋರುತ್ತಿದ್ದರೂ ಅವನು ಮೂವತ್ತೊಂಬತ್ತು ಮಂದಿಯ ಹಿಂದೆ ಕಾಯಬೇಕು. ಕೃತಕ ಬುದ್ಧಿಮತ್ತೆ ನೆರವಾಗುವುದು ಇಲ್ಲಿಯೇ. ವೈದ್ಯರು ಗುರುತಿಸಿಟ್ಟ ಸಾವಿರಾರು ಚಿತ್ರಗಳಿಂದ ಕಲಿತ ಗಣಕವು, ರಕ್ತಸ್ರಾವದ ಶಂಕೆ ಕಂಡೊಡನೆ ಆ ಚಿತ್ರವನ್ನು ಸರದಿಯ ಮುಂದಕ್ಕೆ ತರುತ್ತದೆ. ವೈದ್ಯಕ್ಕಿಂತ ಈ ಗುಮಾಸ್ತಿಕೆಯಲ್ಲೇ ಅದು ಹೆಚ್ಚು ಉಪಕಾರಿ ಎನ್ನಬೇಕು!

ಆದರೆ ಒಂದನ್ನು ಮುಂದೆ ತಂದರೆ ಮತ್ತೊಂದು ಹಿಂದೆ ಸರಿಯುತ್ತದೆ. ಯಂತ್ರದ ಕಣ್ತಪ್ಪಿದ ರೋಗಿಗೆ ಇದು ಪ್ರಾಣದ ಪ್ರಶ್ನೆ. ಆದ್ದರಿಂದ ಹಿಂದುಳಿದ ಚಿತ್ರವನ್ನೂ ವೈದ್ಯರು ನೋಡಿಯೇ ವರದಿಗೆ ಸಹಿ ಹಾಕಬೇಕಾಗುತ್ತದೆ. ಕ್ಷಯರೋಗದ ಪ್ರಾಥಮಿಕ ತಪಾಸಣೆಯಲ್ಲಿ ಮಾತ್ರ, 15 ವರ್ಷ ತುಂಬಿದವರ ಎದೆಯ ಚಿತ್ರವನ್ನು ವೈದ್ಯರ ಬದಲು ಗಣಕವೇ ಓದಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ಅಲ್ಲಿಯೂ ಗಣಕ ಶಂಕಿಸಿದವರ ಕಫವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗುತ್ತದೆ.